ನಗುವ ಗೆರೆ: ಸುಬ್ರಮಣ್ಯನ್ ಮತ್ತು ಶಾಂತಿನಿಕೇತನದ ಪರಂಪರೆ

ನಮ್ಮ ಕಲಾವಿಮರ್ಶೆಗೆ ನೋವಿನ ಮೇಲಿರುವ ನಂಬಿಕೆ ನಲಿವಿನ ಮೇಲಿಲ್ಲ. ಚಿತ್ರಕಾರನೊಬ್ಬ ಬಡತನದಲ್ಲಿ ಬೆಂದ, ಕುಡಿತಕ್ಕೆ ಬಿದ್ದ, ಒಂಟಿಯಾಗಿ ಸತ್ತ ಎಂದರೆ ಅವನ ಕ್ಯಾನ್ವಾಸಿನ ಮುಂದೆ ನಾವು ತಾನಾಗಿ ದನಿ ತಗ್ಗಿಸುತ್ತೇವೆ. ಇನ್ನೊಬ್ಬ ತೊಂಬತ್ತೆರಡು ವರ್ಷದ ತುಂಬುಬಾಳು ಬಾಳಿ, ಬೆಕ್ಕು, ಕಾಗೆ, ಕೋತಿ, ಮೇಕೆಗಳನ್ನು ಬಿಡದೆ ಬರೆದು, ಮಕ್ಕಳಿಗೆ ಆಟಿಕೆ ಮಾಡಿಕೊಟ್ಟು, ಮಹಿಷಾಸುರನ ಮೇಲೆರಗುವ ದೇವಿಯಲ್ಲೂ ತುಂಟತನ ಕಂಡರೆ, ಅವನ ಕೆಲಸಕ್ಕೆ 'ಅಲಂಕಾರಿಕ' ಎಂದು ಹೆಸರಿಟ್ಟು ಮುಂದೆ ಹೋಗುತ್ತೇವೆ. ಕೆ.ಜಿ. ಸುಬ್ರಮಣ್ಯನ್ ಅವರ ವಿಷಯದಲ್ಲಿ ಆದದ್ದು ಬಹುಮಟ್ಟಿಗೆ ಇದೇ. ಸನ್ಮಾನಗಳಿಗೆ ಕೊರತೆಯಾಗಲಿಲ್ಲ, ಪದ್ಮವಿಭೂಷಣವೂ ಬಂತು. ಅವರ ಚಿತ್ರಗಳಲ್ಲಿರುವ ನಗು ಎಲ್ಲಿಂದ ಬಂತು, ಅದು ಯಾವ ಕೆಲಸ ಮಾಡುತ್ತದೆ ಎಂದು ಕೇಳಿಕೊಂಡವರು ಮಾತ್ರ ಕಡಿಮೆ.

ಆ ನಗುವಿನಲ್ಲಿ ಅವರ ಸ್ವಭಾವದ ಪಾಲು ಇದ್ದೇ ಇದೆ. ಆದರೆ ಅದರ ಬೇರು ಶಾಂತಿನಿಕೇತನದ ಕಲಾಭವನ ತಲೆಮಾರುಗಳಿಂದ ರೂಢಿಸಿಕೊಂಡು ಬಂದ ಕೆಲಸದ ಕ್ರಮದಲ್ಲಿದೆ ಎಂಬುದು ನನ್ನ ವಾದ. ಅಲ್ಲಿ ಸಂತೋಷವನ್ನು ಒಂದು ಕಸುಬಿನಂತೆ ಕಲಿಸಿದರು. ಕಲಿಸಲು ಬರುವಂಥದ್ದನ್ನು ಕೆಡಿಸಲೂ ಬರುತ್ತದೆ. ಈ ಪರಂಪರೆಯಲ್ಲಿ ಎರಡೂ ನಡೆದಿವೆ.

ಮೂಲ ಹುಡುಕಿದರೆ ಶಾಂತಿನಿಕೇತನಕ್ಕೂ ಹಿಂದೆ, ಕಲ್ಕತ್ತೆಯ ಜೋಡಾಸಾಂಕೊದ ಠಾಕೂರ್ ಮನೆಗೆ ಹೋಗಬೇಕಾಗುತ್ತದೆ. ಗಗನೇಂದ್ರನಾಥ ಠಾಕೂರರು 1917ರಲ್ಲಿ 'ವಿರೂಪ ವಜ್ರ', 'ಅದ್ಭುತ ಲೋಕ' ಎಂಬ ವ್ಯಂಗ್ಯಚಿತ್ರಗಳ ಸಂಪುಟಗಳನ್ನು ಕಲ್ಲಚ್ಚಿನಲ್ಲಿ ತೆಗೆದರು. 1921ರಲ್ಲಿ ಇನ್ನೊಂದು ಬಂತು. ಸಾಹೇಬರ ವೇಷ ತೊಟ್ಟ ಬಾಬು, ಆಚಾರದ ಮರೆಯಲ್ಲಿ ಕೊಬ್ಬಿದ ಪುರೋಹಿತ, ಹುಡುಗರನ್ನು ಅರೆದು ಪದವಿ ಉಗುಳುವ ವಿದ್ಯೆಯ ಕಾರ್ಖಾನೆ, ಎಲ್ಲವೂ ದೊಡ್ಡ ಕಪ್ಪು ಬಣ್ಣದ ಹರವಿನಲ್ಲಿ. ತಮ್ಮ ಅವನೀಂದ್ರನಾಥರು ಬಂಗಾಳ ಶಾಲೆಯ ಆಚಾರ್ಯರೆಂದೇ ಹೆಸರಾದವರು. ಇಳಿವಯಸ್ಸಿನಲ್ಲಿ ಅವರು ಬಿದ್ದ ಕಡ್ಡಿ, ಬೇರು, ಗೆಣ್ಣುಗಳನ್ನು ಆಯ್ದು, ಅಲ್ಲಿಷ್ಟು ಇಲ್ಲಿಷ್ಟು ಕೆತ್ತಿ, ಹಕ್ಕಿಯನ್ನೋ ಮುದುಕನನ್ನೋ ಎಬ್ಬಿಸುತ್ತಿದ್ದರು. ಚಿಕ್ಕಪ್ಪ ರವೀಂದ್ರನಾಥರ ಕಥೆ ಇನ್ನೂ ಸೊಗಸು. 1924ರ ಸುಮಾರಿಗೆ, ಅರವತ್ತು ದಾಟಿದ ಕವಿ 'ಪೂರವಿ' ಸಂಕಲನದ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಬೆಸೆಯುತ್ತ ಹೋದರು. ಕಾಟು ಹೊಡೆದ ಜಾಗದಿಂದ ಕೊಕ್ಕು, ಹಲ್ಲು, ಬಾಲಗಳಿರುವ ಜೀವಿಗಳು ಎದ್ದು ಬಂದವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನವಾಯಿತು. 1937ರಲ್ಲಿ 'ಖಾಪಛಾಡಾ', 'ಷೇ' ಎಂಬ ಎರಡು ಪುಸ್ತಕಗಳನ್ನು ಅಸಂಬದ್ಧ ಪದ್ಯ, ಅಸಂಬದ್ಧ ಕಥೆ, ಸ್ವಂತ ಚಿತ್ರಗಳೊಡನೆ ಹೊರತಂದರು. ಜಗತ್ತು ಗುರುದೇವ ಎಂದು ಕೈಮುಗಿಯುತ್ತಿದ್ದ ಹೊತ್ತಿನಲ್ಲಿ ಅವರು ಹೀಗೆ ಆಡುತ್ತಿದ್ದರು. ಆ ಆಟದಲ್ಲಿ ಒಂದು ಧೈರ್ಯವಿದೆ: ತಪ್ಪಿದ ಗೆರೆಯನ್ನು ಅಳಿಸದೆ, ಅದು ಎಲ್ಲಿಗೆ ಹೋಗಲು ಬಯಸುತ್ತದೆ ಎಂದು ನೋಡುವ ಧೈರ್ಯ. ಮುಂದೆ ಕಲಾಭವನ ಬೆಳೆಸಿಕೊಂಡ ಗುಣಗಳ ಬೀಜ ಅಲ್ಲಿತ್ತೆಂದು ನನಗನ್ನಿಸುತ್ತದೆ.

ಆ ಬೀಜವನ್ನು ಪಾಠಕ್ರಮವಾಗಿಸಿದವರು ನಂದಲಾಲ್ ಬೋಸ್. 1919ರಲ್ಲಿ ಶುರುವಾದ ಕಲಾಭವನದ ಹೊಣೆಯನ್ನು ಅವರು ಇಪ್ಪತ್ತರ ದಶಕದ ಆರಂಭದಲ್ಲಿ ಹೊತ್ತರು. ಇಲ್ಲಿ ಕನ್ನಡಿಗರಿಗೆ ನೆನಪಾಗಬೇಕಾದ ಹೆಸರು ನಮ್ಮ ಕೆ. ವೆಂಕಟಪ್ಪನವರದು. ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋದ ವೆಂಕಟಪ್ಪನವರೂ ನಂದಲಾಲರೂ ಒಂದೇ ಗುರುವಿನ, ಅವನೀಂದ್ರನಾಥರ, ಶಿಷ್ಯರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕಕ್ಕೆ ಇಬ್ಬರ ಚಿತ್ರಗಳೂ ಸೇರಿವೆ. ಆಮೇಲೆ ದಾರಿ ಕವಲೊಡೆಯಿತು. ವೆಂಕಟಪ್ಪನವರು ಏಕಾಂತಕ್ಕೆ, ವೀಣೆಗೆ, ಒಂದೊಂದು ಚಿತ್ರಕ್ಕೂ ತಪಸ್ಸಿನಂತೆ ಕೂರುವ ಕಠಿಣ ಶಿಸ್ತಿಗೆ ತಮ್ಮನ್ನು ಒಪ್ಪಿಸಿಕೊಂಡರು. ಅವರ ಊಟಿಯ ಜಲವರ್ಣಗಳ ಮಂಜು, ಬೆಳಕು ಇಂದಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಆ ಶಿಸ್ತು ಅವರೊಂದಿಗೇ ಮುಗಿಯಿತು. ಅದನ್ನು ಹೊತ್ತು ನಡೆಯುವ ಶಿಷ್ಯಪಡೆ ಹುಟ್ಟಲಿಲ್ಲ. ನಂದಲಾಲರು ಬೀರಭೂಮಿಯ ಕೆಂಪು ಬಯಲಿಗೆ ಹುಡುಗ ಹುಡುಗಿಯರನ್ನು ಕರೆದೊಯ್ದರು. ಹಬ್ಬಕ್ಕೆ ಆಲ್ಪನಾ ರಂಗೋಲಿ ಇಕ್ಕುವುದು, ನಾಟಕಕ್ಕೆ ರಂಗ ಕಟ್ಟುವುದು, ಗೋಡೆಗೆ ಚಿತ್ರ ಬರೆಯುವುದು, ಚರ್ಮಕ್ಕೆ ಬಣ್ಣ ಹಾಕುವುದು ಎಲ್ಲವನ್ನೂ ಒಂದೇ ಕಲೆಯ ಕೈಗಳೆಂದು ಕಲಿಸಿದರು. ಶಿಷ್ಯರಿಗೂ ಗೆಳೆಯರಿಗೂ ಪೋಸ್ಟ್‌ಕಾರ್ಡಿನ ಮೇಲೆ ಚಿತ್ರ ಬರೆದು ಕಳಿಸುವುದು ಅವರಿಗೆ ನಿತ್ಯದ ರೂಢಿ. ನಾಲ್ಕೇ ಗೆರೆಯಲ್ಲಿ ಒಂದು ಮೇಕೆ, ಒಂದು ತಾಳೆಮರ, ಹೊರೆ ಹೊತ್ತು ನಡೆಯುವ ಒಬ್ಬಳು. ವೆಂಕಟಪ್ಪನವರನ್ನು ಪ್ರೀತಿಸುವವನಾಗಿಯೂ ನಾನು ಇದನ್ನು ಹೇಳಲೇಬೇಕು: ಹರ್ಷ ಒಬ್ಬರಿಂದೊಬ್ಬರಿಗೆ ದಾಟಬೇಕಾದರೆ ಇಂಥ ಸಣ್ಣ, ಕೈಗೆಟುಕುವ, ಪವಿತ್ರವಲ್ಲದ ವಸ್ತುಗಳು ಬೇಕು.

1938ರ ಹರಿಪುರಾ ಕಾಂಗ್ರೆಸ್ ಅಧಿವೇಶನಕ್ಕಾಗಿ ಗಾಂಧೀಜಿ ಕೇಳಿಕೊಂಡಾಗ ನಂದಲಾಲರು ಬರೆದ ಫಲಕಗಳಲ್ಲಿ ಈ ಗುಣ ಅತ್ಯಂತ ತಿಳಿಯಾಗಿದೆ. ಎಂಬತ್ತಕ್ಕೂ ಹೆಚ್ಚು ಮೂಲ ಫಲಕಗಳು. ಅವುಗಳ ಪ್ರತಿಗಳು ನೂರಾರು. ಸ್ವಾತಂತ್ರ್ಯ ಹೋರಾಟದ ಮಹಾಸಭೆಗೆ ಬರೆದವು ಎಂದ ಮೇಲೆ ಬಾವುಟ, ಸಂಕೋಲೆ, ಹುತಾತ್ಮರನ್ನು ನಿರೀಕ್ಷಿಸುತ್ತೇವೆ. ಸಿಗುವುದು ಡೋಲು ಬಾರಿಸುವವರು, ಕುಸ್ತಿಪಟುಗಳು, ಅಡುಗೆ ಮಾಡುವ ಹೆಂಗಸು, ಚಮ್ಮಾರ, ಗೂಳಿ. ಕುಂಚ ಒಂದೇ ಬೀಸಿಗೆ ಬೆನ್ನು, ತೋಳು, ಮೊಣಕಾಲು ಮುಗಿಸುತ್ತದೆ. ಕೆಲಸದಲ್ಲಿರುವ ಮೈಯ ಲಯವನ್ನು ಹಬ್ಬದಂತೆ ಕಾಣುವ ಆ ಕಣ್ಣಿಗೆ ಯಾವ ಘೋಷಣೆಯೂ ಬೇಕಿರಲಿಲ್ಲ. ಇವನ್ನು ನೋಡಿದವರು ಸಂಗ್ರಹಾಲಯಕ್ಕೆ ಬಂದವರಲ್ಲ, ಸಭೆಗೆ ಬಂದ ರೈತರು, ಸ್ವಯಂಸೇವಕರು ಎಂಬುದನ್ನೂ ಮರೆಯಬಾರದು.

ಇಷ್ಟು ಹೇಳಿ ನಿಲ್ಲಿಸಿದರೆ ಶಾಂತಿನಿಕೇತನವೆಂದರೆ ಸುಖೀ ಜನರ ಆಶ್ರಮವೆಂಬ ಭಾವ ಉಳಿದುಬಿಡುತ್ತದೆ. ನಂದಲಾಲರ ಶಿಷ್ಯ ವಿನೋದ್ ವಿಹಾರಿ ಮುಖರ್ಜಿ ಅವರ ಬದುಕು ಆ ಭಾವವನ್ನು ಒಡೆಯುತ್ತದೆ. 1904ರಲ್ಲಿ ಹುಟ್ಟಿದ ಅವರಿಗೆ ಎಳವೆಯಿಂದಲೂ ಒಂದು ಕಣ್ಣು ಕಾಣದು, ಇನ್ನೊಂದು ಮಂದ. ಆ ಕಣ್ಣಿನಲ್ಲಿ ಅವರು 1946-47ರಲ್ಲಿ ಶಾಂತಿನಿಕೇತನದ ಹಿಂದೀ ಭವನದ ಮೂರು ಗೋಡೆಗಳ ಮೇಲೆ ಮಧ್ಯಯುಗದ ಸಂತರ ಭಿತ್ತಿಚಿತ್ರ ಬರೆದರು. ರಾಮಾನುಜರು, ಕಬೀರ, ಸೂರದಾಸ, ತುಲಸೀದಾಸ ಎಲ್ಲರೂ ಅಲ್ಲಿ ಜನಜಂಗುಳಿಯ ನಡುವೆ ಇದ್ದಾರೆ. ಹಸಿ ಗಾರೆ ಒಣಗುವ ಮುಂಚೆ ಬಣ್ಣ ಕೂರಬೇಕು; ಅವರು ಪೂರ್ಣಪ್ರಮಾಣದ ನಕ್ಷೆಯನ್ನು ಗೋಡೆಗಿಳಿಸಿಕೊಳ್ಳದೆ ನೇರವಾಗಿ ಬರೆದರು. ಸಂತರ ತಲೆಯ ಹಿಂದೆ ಪ್ರಭೆಯಿಲ್ಲ. ಅವರು ನೇಯುವವರ, ಹೊಳೆ ದಾಟುವವರ, ಮಗುವನ್ನು ಎತ್ತಿಕೊಂಡವರ ಜೊತೆ ಹರಿಯುವ ಗುಂಪಿನಲ್ಲಿ ಬೆರೆತುಹೋಗಿದ್ದಾರೆ. ಇಪ್ಪತ್ತನೇ ಶತಮಾನದ ಭಾರತೀಯ ಚಿತ್ರಕಲೆಯಲ್ಲಿ ಇದಕ್ಕಿಂತ ದೊಡ್ಡ ಕೃತಿ ಇನ್ನೊಂದಿದೆ ಎಂದು ನಾನು ನಂಬುವುದಿಲ್ಲ.

ಅದಾಗಿ ಹತ್ತು ವರ್ಷಕ್ಕೆ, ಶಸ್ತ್ರಚಿಕಿತ್ಸೆಯೊಂದು ಫಲಿಸದೆ, ಅವರಿಗೆ ದೃಷ್ಟಿ ಪೂರ್ತಿ ಹೋಯಿತು. ಇಲ್ಲಿಂದ ಮುಂದಿನದನ್ನು ದುರಂತವಾಗಿ ಹೇಳುವುದು ಸುಲಭ. ಅವರು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಮೇಣದಲ್ಲಿ ಸಣ್ಣ ಆಕೃತಿಗಳನ್ನು ತಿದ್ದಿದರು, ಬೆರಳಿನಿಂದ ಅಳೆಯುತ್ತ ರೇಖಾಚಿತ್ರ ಬರೆದರು. 1972ರಲ್ಲಿ ಕಲಾಭವನದ ಗೋಡೆಗೆ ಹೆಂಚುಬಿಲ್ಲೆಗಳ ದೊಡ್ಡ ಭಿತ್ತಿಚಿತ್ರವನ್ನೇ ಮಾಡಿದರು. ಅದೇ ವರ್ಷ ಅವರ ಹಳೆಯ ವಿದ್ಯಾರ್ಥಿ ಸತ್ಯಜಿತ್ ರಾಯ್ 'ದಿ ಇನ್ನರ್ ಐ' ಸಾಕ್ಷ್ಯಚಿತ್ರ ತೆಗೆದರು. ಕಾಗದದ ಆ ಕೃತಿಗಳಲ್ಲಿ ಕಿತ್ತಳೆ, ನೀಲಿ, ಹಳದಿಗಳು ಕೂಗಿ ಮಾತಾಡುತ್ತವೆ. ಮರುಕದ ಬಣ್ಣ ಒಂದೂ ಇಲ್ಲ. ಆಶಾವಾದ ಎಂಬುದನ್ನು ನಾವು ಮನೋಭಾವವೆಂದು ತಿಳಿಯುತ್ತೇವೆ. ವಿನೋದ್ ಬಾಬು ಅವರಲ್ಲಿ ಅದು ಕೈಯಲ್ಲಿತ್ತು. ಒಂದು ಮಾಧ್ಯಮ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ ಎಂಬ ಭರವಸೆಯನ್ನು ಹತ್ತಾರು ಮಾಧ್ಯಮಗಳನ್ನು ಕಲಿಸಿದ ಶಾಲೆ ಮೊದಲೇ ಆ ಕೈಗೆ ಕೊಟ್ಟಿತ್ತು.

ಕಲಾಭವನದ ಶಿಲ್ಪಿ ರಾಮಕಿಂಕರ್ ಬೈಜ್ ಅವರದು ಬೇರೆಯೇ ತಳಿಯ ನಗು, ಒರಟು, ಗಾಳಿ ತುಂಬಿದ್ದು. ಬಾಂಕುರಾದ ಬಡ ಕುಟುಂಬದಿಂದ ಬಂದ ಅವರಿಗೆ ಕಂಚು ಅಮೃತಶಿಲೆ ಕೊಳ್ಳುವ ಶಕ್ತಿಯಿರಲಿಲ್ಲ. ಸಿಮೆಂಟಿಗೆ ಜಂಬಿಟ್ಟಿಗೆಯ ಹರಳು ಬೆರೆಸಿ ಬಯಲಿನಲ್ಲೇ ನಿಲ್ಲಿಸಿದರು. 1938ರ 'ಸಂತಾಲ ಕುಟುಂಬ' ಹಾಗೆ ಎದ್ದದ್ದು. 1956ರ 'ಗಿರಣಿಯ ಕರೆ'ಯಲ್ಲಿ ಇಬ್ಬರು ಹೆಂಗಸರು ಕೂಗಿಗೆ ಓಡುತ್ತಿದ್ದಾರೆ. ಒದ್ದೆ ಸೀರೆ ಹಿಂದೆ ಗಾಳಿಗೆ ಹಾರುತ್ತ ಒಣಗುತ್ತಿದೆ. ಓಟದಲ್ಲಿ ಆತುರವಿದೆ, ಬಳಲಿಕೆಯಿಲ್ಲ. ಎಮ್ಮೆಯ ಮೈಗೆ ಮೀನಿನ ಬಾಲ ಕೊಟ್ಟ ಅವರ ಕಾರಂಜಿ ಶಿಲ್ಪವನ್ನು ಕಂಡರೆ, ಕೆರೆಯಲ್ಲಿ ಬಿದ್ದು ಬಾಲ ಬೀಸುವ ಎಮ್ಮೆಗಳನ್ನು ನೋಡಿ ಬೆಳೆದ ಯಾರಿಗೂ ವಿವರಣೆ ಬೇಕಾಗದು.

ನಂದಲಾಲ್, ವಿನೋದ್ ವಿಹಾರಿ, ರಾಮಕಿಂಕರ್ ಮೂವರೂ ಕೆಲಸದಲ್ಲಿದ್ದ ಹೊತ್ತಿಗೆ, 1944ರಲ್ಲಿ, ಇಪ್ಪತ್ತರ ಸುಬ್ರಮಣ್ಯನ್ ಅಲ್ಲಿಗೆ ಬಂದರು. ಉತ್ತರ ಕೇರಳದ ಕೂತುಪರಂಬದಲ್ಲಿ ಹುಟ್ಟಿ, ಆಗ ಫ್ರೆಂಚರ ಕೈಲಿದ್ದ ಮಾಹೆಯಲ್ಲಿ ಬೆಳೆದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದದ್ದರಿಂದ ಸರ್ಕಾರಿ ಕಾಲೇಜುಗಳ ಬಾಗಿಲು ಅವರಿಗೆ ಮುಚ್ಚಿತು. ಹಿಂದೀ ಭವನದ ಗೋಡೆಯ ಕೆಲಸದಲ್ಲಿ ವಿನೋದ್ ವಿಹಾರಿ ಅವರಿಗೆ ನೆರವಾದವರಲ್ಲಿ ಈ ಹುಡುಗನೂ ಒಬ್ಬ. ಎಷ್ಟೋ ದಶಕಗಳ ನಂತರ ಅದೇ ಗುರುವಿನ ಬಂಗಾಳಿ ಆತ್ಮಕಥನ 'ಚಿತ್ರಕರ್' ಅನ್ನು ಇಂಗ್ಲಿಷಿಗೆ ತಂದವರೂ ಅವರೇ. ಗೋಡೆಗೆ ಬಣ್ಣ ಅರೆದುಕೊಟ್ಟ ಕೈ ಗುರುವಿನ ಮಾತನ್ನೂ ಹೊತ್ತು ದಾಟಿಸಿತು.

1951ರಿಂದ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪಾಠ, ನಡುವೆ ಲಂಡನ್ನಿನ ಸ್ಲೇಡ್ ಶಾಲೆ, ಬೊಂಬಾಯಿಯ ಕೈಮಗ್ಗ ಮಂಡಳಿ, ನ್ಯೂಯಾರ್ಕ್. 1980ರಲ್ಲಿ ಮತ್ತೆ ಶಾಂತಿನಿಕೇತನ. ಅಲ್ಲಿನವರಿಗೆ ಅವರು ಮಾನಿದಾ. ಈ ಓಡಾಟದಲ್ಲಿ ಕಲಾಚರಿತ್ರೆ ಹೆಚ್ಚು ಬರೆಯುವುದು ಕ್ಯಾನ್ವಾಸುಗಳನ್ನು ಕುರಿತು. ನನಗೆ ಮುಖ್ಯವಾಗಿ ಕಾಣುವುದು ಕೈಮಗ್ಗ ಮಂಡಳಿ ಮತ್ತು ಬರೋಡಾದ ಕಲಾಮೇಳ. 1959ರಿಂದ ಎರಡು ವರ್ಷ ನೇಕಾರರ ಜೊತೆಗಿದ್ದ ಅವರು, ಅರವತ್ತರ ದಶಕದಲ್ಲಿ ಶುರುವಾದ ಮೇಳಕ್ಕೆ ಮರ, ಚರ್ಮ, ಮಣಿಗಳಿಂದ ಆಟಿಕೆ ಮಾಡಿದರು. ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರು ಮೇಳದಲ್ಲಿ ಮಾರಾಟವಾಗುವ ಬೊಂಬೆ ಮಾಡುವುದೆಂದರೆ ಅಂದಿನ ಕಲಾಲೋಕಕ್ಕೆ ಸಣ್ಣ ಮಾತಲ್ಲ. ಚಿತ್ರಕಾರ ಮೇಲೆ, ಕಸುಬುದಾರ ಕೆಳಗೆ ಎಂಬ ಏಣಿಯನ್ನು ಅವರು 'ಮೂವಿಂಗ್ ಫೋಕಸ್', 'ದಿ ಲಿವಿಂಗ್ ಟ್ರೆಡಿಷನ್' ಪುಸ್ತಕಗಳಲ್ಲಿ ವಾದದಿಂದ ಇಳಿಸಿದ್ದಕ್ಕಿಂತ ಮೊದಲೇ ಕೈಯಿಂದ ಇಳಿಸಿದ್ದರು. 1963ರಲ್ಲಿ ಲಖನೌದ ರವೀಂದ್ರಾಲಯದ ಹೊರಗೋಡೆಗೆ ರವೀಂದ್ರರ 'ರಾಜಾ' ನಾಟಕವನ್ನು ಆಧರಿಸಿ ಮಾಡಿದ ಸುಡುಮಣ್ಣಿನ ಭಿತ್ತಿಯಲ್ಲಿ ಕುಂಬಾರಿಕೆಯ ಗುರುತುಗಳು, ಹಿಸುಕಿದ, ಗೀರಿದ, ಒತ್ತಿದ ಬೆರಳುಗಳ ಗುರುತುಗಳು, ಅಡಗದೆ ನಿಂತಿವೆ.

ಎಪ್ಪತ್ತರ ದಶಕದ ಕೊನೆಗೆ ಅವರು ಗಾಜಿನ ಹಿಂಬದಿಯಿಂದ ಚಿತ್ರ ಬರೆಯತೊಡಗಿದರು. ಮೈಸೂರು, ತಂಜಾವೂರುಗಳ ಹಳೆಯ ಮನೆಗಳ ಪಡಸಾಲೆಯಲ್ಲಿ ಗಾಜಿನ ಮೇಲಿನ ಕೃಷ್ಣ, ಲಕ್ಷ್ಮಿಯರನ್ನು ಕಂಡವರಿಗೆ ಈ ಕ್ರಮ ಗೊತ್ತು. ಕಣ್ಣು, ಮೂಗು, ಒಡವೆಯ ಗೆರೆ ಮೊದಲು; ಮೈಬಣ್ಣ ಆಮೇಲೆ; ಹಿನ್ನೆಲೆ ಕೊನೆಗೆ. ಒಮ್ಮೆ ಇಟ್ಟ ಗೆರೆಯ ಮೇಲೆ ತಿದ್ದುಪಡಿ ಇಲ್ಲ. ಪೇಟೆಯ ಈ ಅಗ್ಗದ ಕಲೆಯನ್ನು ಅವರು ಎತ್ತಿಕೊಂಡು, ಕಲ್ಕತ್ತೆಯ ಕಾಳಿಘಾಟದ ಪಟಗಳ ದುಂಡು ಗೆರೆಯನ್ನೂ ಬೆರೆಸಿ, ತಮ್ಮ ಕಾಲದ ಮನೆಯೊಳಗಿನ ನಾಟಕವನ್ನು ಬರೆದರು. ಕಿಟಕಿ, ಪರದೆ, ಹೂಕುಂಡ, ಕನ್ನಡಿ, ಅರೆಬತ್ತಲೆ ಹೆಂಗಸು, ಹಣಕಿ ನೋಡುವ ಕೋತಿ. ಎಲ್ಲಿ ಮನೆ ಮುಗಿದು ಪುರಾಣ ಶುರುವಾಗುತ್ತದೆ ಎಂದು ಹೇಳಲಾಗದು. ಬೆಕ್ಕು ಕ್ಷಣದಲ್ಲಿ ಹುಲಿಯಾಗುತ್ತದೆ, ಪಕ್ಕದ ಮನೆಯಾಕೆ ಹತ್ತು ಕೈಯವಳಾಗುತ್ತಾಳೆ.

ಅವರ ಹಾಸ್ಯದ ಬುದ್ಧಿವಂತಿಕೆ ಎಷ್ಟು ದೂರ ಹೋಗುತ್ತದೆ ಎನ್ನಲು ಒಂದು ಉದಾಹರಣೆ ಕೊಡುತ್ತೇನೆ. ಮೊಘಲ್ ಚಿತ್ರಕಲೆಯಲ್ಲಿ ಅತ್ಯಂತ ಕರುಳು ಹಿಂಡುವ ಚಿತ್ರಗಳಲ್ಲೊಂದು ಸಾಯುತ್ತಿರುವ ಇನಾಯತ್ ಖಾನನದು. ಅಫೀಮಿಗೆ ಬಲಿಯಾಗಿ ಎಲುಬುಗೂಡಾಗಿದ್ದ ಆ ಆಸ್ಥಾನಿಕನ ಚಿತ್ರ ಬರೆಸಿದವನು ಜಹಾಂಗೀರ್. ಅದರ ಒಂದು ಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಎಂಬತ್ತರ ದಶಕದಲ್ಲಿ ಕೆಲಕಾಲ ಆಕ್ಸ್‌ಫರ್ಡಿನಲ್ಲಿದ್ದ ಸುಬ್ರಮಣ್ಯನ್, ಆಕ್ಸ್‌ಫರ್ಡನ್ನು ನೋಡುತ್ತಿರುವ ಇನಾಯತ್ ಖಾನ್ ಎಂಬ ಚಿತ್ರ ಬರೆದರು. ಮುನ್ನೂರೈವತ್ತು ವರ್ಷ ಎಲ್ಲರೂ ಅವನನ್ನು ನೋಡಿದ್ದರು: ಬಾದಶಹ, ಚಿತ್ರಕಾರ, ವಿದ್ವಾಂಸರು. ಈಗ ಅವನು ತಿರುಗಿ ನೋಡುತ್ತಾನೆ. ಒಂದು ಶೀರ್ಷಿಕೆಯ ತಿರುವಿನಲ್ಲಿ ವಸಾಹತುಶಾಹಿ ಸಂಗ್ರಹಗಳ ಇಡೀ ಚರಿತ್ರೆ ಎದ್ದುಬರುತ್ತದೆ, ಬಡಪಾಯಿಗೆ ಘನತೆಯೂ ಮರಳುತ್ತದೆ. ಸಿಟ್ಟಿನ ಪ್ರಬಂಧವೊಂದು ಇದನ್ನು ಇಷ್ಟು ಕರುಣೆಯಿಂದ ಮಾಡಲಾರದು.

ಹರ್ಷವೆಂದರೆ ಕೇಡಿನತ್ತ ಕಣ್ಣು ಮುಚ್ಚುವುದು ಎಂಬ ಆಕ್ಷೇಪಕ್ಕೆ ಅವರ ಕೆಲಸವೇ ಉತ್ತರ. ಬಾಂಗ್ಲಾ ಯುದ್ಧದ ದಿನಗಳಲ್ಲಿ, 1971ರಲ್ಲಿ, ಅವರು ಮಾಡಿದ ಸುಡುಮಣ್ಣಿನ ಉಬ್ಬುಚಿತ್ರಗಳಲ್ಲಿ ಸೇನಾನಿಗಳ ಎದೆಯ ಪದಕಗಳೂ ಕತ್ತರಿಸಿದ ಕೈಕಾಲುಗಳೂ ಒಂದೇ ಮಣ್ಣಿನವು. ತುರ್ತುಪರಿಸ್ಥಿತಿಯನ್ನು ಕುರಿತು ಅವರು ಬರೆದದ್ದು ಮಕ್ಕಳ ಕಥೆಯ ರೂಪದಲ್ಲಿ, 'ದಿ ಟೇಲ್ ಆಫ್ ದಿ ಟಾಕಿಂಗ್ ಫೇಸ್'. ಅಧಿಕಾರ ಮುಖವಾಗಿ ಊದಿಕೊಳ್ಳುವ ಬಗೆ ಮಗುವಿಗೂ ತಿಳಿಯುವಂತೆ. ತೊಂಬತ್ತರ ವಯಸ್ಸಿನ ಹೊಸ್ತಿಲಲ್ಲಿ ಬರೆದ 'ವಾರ್ ಆಫ್ ದಿ ರೆಲಿಕ್ಸ್' ಎಂಬ ಗೋಡೆಯಗಲದ ಚಿತ್ರದಲ್ಲಿ ಧರ್ಮಗಳ ಹೆಸರಿನ ಕಾದಾಟ ತುಂಬಿ ತುಳುಕುತ್ತದೆ. ಇಲ್ಲೆಲ್ಲ ಗೆರೆ ಮಾತ್ರ ತನ್ನ ಚುರುಕನ್ನು ಬಿಟ್ಟುಕೊಡದು. ಕ್ರೌರ್ಯ ಚಿತ್ರದ ವಸ್ತುವಾಗಬಹುದು. ಚಿತ್ರಕಾರನ ಕೈಯನ್ನು ಅದು ಆಳಬಾರದು ಎಂಬ ಹಟ ಅದು.

ಆದರೂ ಈ ಪರಂಪರೆಯ ದೋಷಗಳನ್ನು ಮುಚ್ಚಿಟ್ಟರೆ ಅದಕ್ಕೆ ಅನ್ಯಾಯ. ಮೊದಲನೆಯದು ಶಾಂತಿನಿಕೇತನದ ಸುತ್ತಲಿನ ಬುಡಕಟ್ಟು ಜನರಾದ ಸಂತಾಲರ ವಿಷಯ. ನಂದಲಾಲರಿಂದ ಶುರುವಾಗಿ ನೂರಾರು ವಿದ್ಯಾರ್ಥಿಗಳು ಸಂತಾಲರ ನಡಿಗೆ, ಕುಣಿತ, ಮಣ್ಣಿನ ಮನೆಗಳಿಂದ ಹರ್ಷವನ್ನು ಎರವಲು ತಂದರು. ಜಮೀನು ಕಳೆದುಕೊಂಡು ಗಿರಣಿಗೆ ಕೂಲಿಯಾಗಿ ಹೋದವರ ಬದುಕು ರಾಮಕಿಂಕರರ ಸಿಮೆಂಟಿನಲ್ಲಿ ಇಣುಕುತ್ತದೆ. ಬೇರೆಯವರ ಚಿತ್ರಗಳಲ್ಲಿ ಬಹುಪಾಲು ತಲೆಯ ಹೂವಷ್ಟೇ ಉಳಿಯಿತು. ಎರಡನೆಯದು, ಕರಕುಶಲವನ್ನು ಕಲೆಗೆ ಸಮನಾಗಿಸುವ ದೊಡ್ಡ ಕನಸು ಬಾಟಿಕ್ ಶಾಲು, ಉಬ್ಬುಚಿತ್ತಾರದ ಚರ್ಮದ ಚೀಲಗಳ ಅಂಗಡಿಯಾಗಿ ಸವೆದದ್ದು. ನಂದಲಾಲರ ಜನ್ಮದಿನದ ಮುನ್ನ ಡಿಸೆಂಬರ್ 1 ಮತ್ತು 2ರಂದು ನಡೆಯುವ ನಂದನ ಮೇಳದಲ್ಲಿ ವಿದ್ಯಾರ್ಥಿಗಳು ಮಾಡಿ ಮಾರುವ ವಸ್ತುಗಳಲ್ಲಿ ಹಳೆಯ ಹುರುಪು ಇದ್ದರೂ, ಮೇಳದಾಚೆಯ ಪೇಟೆ ಕಲಿತದ್ದು ವಿನ್ಯಾಸವನ್ನು. ವಿನ್ಯಾಸದ ಹಿಂದಿನ ನೋಟವನ್ನಲ್ಲ. ಸುಬ್ರಮಣ್ಯನ್ ಅವರಲ್ಲೂ ಕೊರತೆಯಿದೆ. ಕೊನೆಯ ದಶಕಗಳಲ್ಲಿ ಅವರ ಕೈಗೆ ಯಾವುದೂ ಕಷ್ಟವಾಗಲಿಲ್ಲ, ಅದೇ ತೊಡಕಾಯಿತು. ಮೇಕೆ, ಹೆಂಗಸು, ಹೂಕುಂಡಗಳು ಚಿತ್ರದಿಂದ ಚಿತ್ರಕ್ಕೆ ಸರಾಗವಾಗಿ ದಾಟುತ್ತವೆ. ಆ ಹೆಂಗಸರಿಗೆ ಮೈಯ ಸೊಗಸು ಇರುವಷ್ಟು ಸ್ವಂತ ಮನಸ್ಸು ಇರುವುದು ಅಪರೂಪ. ಕಲಾಭವನದ ವಿನ್ಯಾಸ ವಿಭಾಗದ ಕಟ್ಟಡದ ಮೇಲೆ ಅವರು ಬರೆದು, 2009ರಲ್ಲಿ, ಎಂಬತ್ತೈದರ ಪ್ರಾಯದಲ್ಲಿ, ಹೊಸದಾಗಿ ಮಾಡಿದ ಕಪ್ಪು ಬಿಳುಪು ಭಿತ್ತಿಚಿತ್ರ ಈ ಸರಾಗತೆಯಿಂದ ಪಾರಾಗಿದೆ. ಬಣ್ಣದ ಆಸರೆಯಿಲ್ಲ, ಹಿಂದೆ ಸರಿದು ನೋಡಲು ಹೆಚ್ಚು ಜಾಗವಿಲ್ಲ, ಇಡೀ ಕಟ್ಟಡವೇ ಹಕ್ಕಿ ಪ್ರಾಣಿ ಎಲೆಗಳಿಂದ ಮಿಡುಕುತ್ತದೆ. ತೊಡಕು ಎದುರಾದಾಗಲೇ ಅವರ ನಲಿವು ಗಟ್ಟಿಯಾಗುತ್ತಿತ್ತು.

ಶಾಂತಿನಿಕೇತನದ ನಗು ಮುಟ್ಟಲಾಗದ ಒಂದು ಜಾಗವಿತ್ತು: ಮುಜುಗರ. ನಡುವಯಸ್ಸಿನ ಗುಮಾಸ್ತನ ಮುಜುಗರ, ಬಯಕೆಯನ್ನು ಬಚ್ಚಿಟ್ಟವನ ಮುಜುಗರ. ಅಲ್ಲಿಗೆ ಹೋದವರು ಬರೋಡಾದ ಭೂಪೇನ್ ಖಖ್ಖರ್. ಲೆಕ್ಕಪರಿಶೋಧಕರಾಗಿ ದುಡಿಯುತ್ತಲೇ ಅವರು ಕ್ಷೌರಿಕ, ಗಡಿಯಾರ ರಿಪೇರಿಯವನಂಥವರನ್ನು ಬರೆದರು. 1981ರ 'ಯು ಕಾಂಟ್ ಪ್ಲೀಸ್ ಆಲ್' ಚಿತ್ರದಲ್ಲಿ ಕತ್ತೆಯ ಹಳೆಯ ನೀತಿಕಥೆಯನ್ನು ಬಾಲ್ಕನಿಯಲ್ಲಿ ಬತ್ತಲೆ ನಿಂತು ನೋಡುವ ಗಂಡಸಿನೊಂದಿಗೆ ಕೂಡಿಸಿ, ತಮ್ಮ ಸಲಿಂಗ ಪ್ರೀತಿಯನ್ನು ಜಗತ್ತಿನ ಮುಂದೆ ಇಟ್ಟರು. ಸುಬ್ರಮಣ್ಯನ್ ಪೇಟೆಯ ಕಲೆಗೆ ತೆರೆದ ಬಾಗಿಲಿನಿಂದಲೇ ಅವರು ಒಳಗೆ ಬಂದದ್ದು; ಒಳಗೆ ಬಂದ ಮೇಲೆ ಗುರುಗಳಿಗಿಂತ ಅಪಾಯದ ಕೋಣೆಗೆ ಹೋದರು.

ಕರ್ನಾಟಕಕ್ಕೂ ಈ ನೀರು ಹರಿದಿದೆ. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಅವರು ಮುಂದಿನ ಓದಿಗೆ ಸುಬ್ರಮಣ್ಯನ್ ಇದ್ದ ಶಾಂತಿನಿಕೇತನಕ್ಕೆ ಹೋದರು. ಸಗಣಿ, ಕುಂಕುಮ ಹಚ್ಚಿದ ದಾರ, ಡಾಂಬರಿನ ಡ್ರಮ್ಮುಗಳನ್ನು ಕಲೆಯ ವಸ್ತುವಾಗಿಸಿದ ಅವರ ಕೆಲಸ ನಗುವಂಥದ್ದಲ್ಲ. ವಸ್ತುವಿನ ಮೇಲಿನ ಆ ಗೌರವ ಮಾತ್ರ ಕಲಾಭವನದ ಗುರುತು. ನಗುವನ್ನು ಕೈಗೆತ್ತಿಕೊಂಡವರು ಬೆಂಗಳೂರಿನ ಪುಷ್ಪಮಾಲಾ ಎನ್. ಬರೋಡಾದಲ್ಲಿ ಶಿಲ್ಪ ಕಲಿತು, ಸುಡುಮಣ್ಣಿನ ಆಕೃತಿಗಳಿಂದ ಶುರುಮಾಡಿ, ತೊಂಬತ್ತರ ದಶಕದಲ್ಲಿ ತಮ್ಮ ಮೈಯನ್ನೇ ಮಾಧ್ಯಮವಾಗಿಸಿಕೊಂಡು ಕ್ಯಾಮೆರಾದ ಮುಂದೆ ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಚಿತ್ರಮಾಲೆಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗುತ್ತಾರೆ, ಬೆಳದಿಂಗಳಲ್ಲಿ ಕೂತ ಹೆಣ್ಣಾಗುತ್ತಾರೆ, ವಸಾಹತುಶಾಹಿ ವಿದ್ವಾಂಸರು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳತೆ ಮಾಡಿದ ಬುಡಕಟ್ಟಿನ ಹೆಂಗಸಾಗುತ್ತಾರೆ. ಬಣ್ಣದ ಪರದೆ, ರಂಗಸಜ್ಜಿಕೆ, ಒಡವೆ ಎಲ್ಲವೂ ಕೈಯಿಂದ ಮಾಡಿದ್ದೆಂದು ಗೊತ್ತಾಗುವಂತೆಯೇ ಇವೆ. ನೋಡುವವರಿಗೆ ಮೊದಲು ನಗು ಬರುತ್ತದೆ, ಆಮೇಲೆ ಆ ಹೆಂಗಸರನ್ನು ಯಾರು, ಯಾಕೆ ಹೀಗೆ ನಿಲ್ಲಿಸಿದ್ದರು ಎಂಬ ಪ್ರಶ್ನೆ ಬರುತ್ತದೆ. ಮಾನಿದಾ ಬರೆದ ಹೆಂಗಸರಿಗೆ ಸಿಗದೆ ಹೋದ ಸ್ವಂತ ಮನಸ್ಸು ಇಲ್ಲಿ ಸಿಕ್ಕಿದೆ. ಅದು ಸಿಕ್ಕಿದ್ದು ಅವರ ಶಾಲೆಯ ನಗುವನ್ನು ಹೆಣ್ಣೊಬ್ಬಳು ತನ್ನದಾಗಿಸಿಕೊಂಡಾಗ.